ಕಂಚಿನಲ್ಲಿ ಉಳಿದ ಮುಖಗಳು: ಶಿಲ್ಪಿ ಇವಾನ್ ಮೆಷ್ಟ್ರೋವಿಚ್

ಷಿಕಾಗೋ ನಗರದ ಗ್ರಾಂಟ್ ಪಾರ್ಕ್‌ನ ಅಂಚಿನಲ್ಲಿ, ಮಿಷಿಗನ್ ಅವೆನ್ಯೂ ಬದಿಗೆ, ಕುದುರೆಯೇರಿದ ಇಬ್ಬರು ಮೂಲನಿವಾಸಿ ವೀರರ ಕಂಚಿನ ಪ್ರತಿಮೆಗಳಿವೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ಅನೇಕರು ಅವನ್ನು ನೋಡಿರಬಹುದು. ಒಬ್ಬನು ಬಿಲ್ಲುಗಾರ, ಇನ್ನೊಬ್ಬನು ಭರ್ಜಿಯವನು. ಆದರೆ ಬಿಲ್ಲೂ ಇಲ್ಲ, ಭರ್ಜಿಯೂ ಇಲ್ಲ. ಅವನ್ನು ನೋಡುಗರೇ ಊಹಿಸಿಕೊಳ್ಳಬೇಕು. 1928ರಲ್ಲಿ ನಿಂತ ಈ ಪ್ರತಿಮೆಗಳ ಶಿಲ್ಪಿ ಕ್ರೊಯೇಷಿಯಾದ ಇವಾನ್ ಮೆಷ್ಟ್ರೋವಿಚ್. ಇಂತಹ ಬೃಹತ್ ಕೃತಿಗಳಿಂದ ಅವರು ಹೆಸರಾದರೂ, ಅವರು ರೂಪಿಸಿದ ಎದೆಮಟ್ಟದ ಪುತ್ಥಳಿಗಳ ಕಥೆಯು ತಾಯ್ನಾಡಿನಿಂದ ದೂರ ಬಾಳುವ ನಮಗೆ ಹೆಚ್ಚು ಹತ್ತಿರದ್ದು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೆಷ್ಟ್ರೋವಿಚ್ ಜನಿಸಿದ್ದು 1883ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ವ್ರ್‌ಪೋಲ್ಯೆ ಎಂಬ ಊರಿನಲ್ಲಿ. ಬೆಳೆದದ್ದು ಡಾಲ್ಮೇಷಿಯಾದ ಒಳನಾಡಿನ ಒತಾವಿತ್ಸೆ ಎಂಬ ಹಳ್ಳಿಯಲ್ಲಿ. ಕುರಿ ಕಾಯುತ್ತಿದ್ದ ಆ ಬಾಲಕನು ಸ್ಪ್ಲಿಟ್ ನಗರದ ಕಲ್ಲುಕುಟಿಗರೊಬ್ಬರ ಬಳಿ ಉಳಿ ಹಿಡಿಯಲು ಕಲಿತನು. ಮುಂದೆ ವಿಯೆನ್ನಾದ ಕಲಾಶಾಲೆಯನ್ನು ಸೇರಿದನು. 1911ರ ರೋಮ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರಿಗೆ ಶಿಲ್ಪಕಲೆಯ ಪ್ರಥಮ ಬಹುಮಾನ ದೊರೆಯಿತು. ಅಲ್ಲಿ ಅವರು ತಮ್ಮನ್ನಾಳುತ್ತಿದ್ದ ಸಾಮ್ರಾಜ್ಯದ ಮಂಟಪವನ್ನು ಬಿಟ್ಟು ಸೆರ್ಬಿಯಾದ ಮಂಟಪದಲ್ಲಿ ಕೃತಿಗಳನ್ನಿಟ್ಟಿದ್ದರು. ದಕ್ಷಿಣ ಸ್ಲಾವ್ ಜನರೆಲ್ಲ ಒಂದಾಗಬೇಕೆಂಬ ಕನಸು ಆಗ ಅವರದಾಗಿತ್ತು. 1915ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅವರದೇ ಪ್ರದರ್ಶನ ನಡೆಯಿತು.

ಪುತ್ಥಳಿಯ ರಚನೆಯ ಬಗ್ಗೆ ಒಂದು ಮಾತು. ನಮ್ಮ ದಕ್ಷಿಣ ಭಾರತದ ಉತ್ಸವಮೂರ್ತಿಗಳನ್ನು ಮೇಣದಲ್ಲಿ ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕೊನೆಗೆ ಅಚ್ಚನ್ನು ಒಡೆಯಲೇಬೇಕು. ಆದ್ದರಿಂದ ಒಂದು ಮೇಣದ ರೂಪಕ್ಕೆ ಒಂದೇ ಮೂರ್ತಿ. ಯುರೋಪಿನ ಶಿಲ್ಪಿಯಾದರೋ ಮೊದಲು ಜೇಡಿಮಣ್ಣಿನಲ್ಲಿ ಮುಖವನ್ನು ರೂಪಿಸಿ, ಅದರಿಂದ ಪ್ಲಾಸ್ಟರಿನ ಮಾದರಿಯನ್ನು ತೆಗೆದಿಡುತ್ತಾನೆ. ಆ ಮಾದರಿ ಇರುವವರೆಗೆ ಮತ್ತೆ ಮತ್ತೆ ಎರಕ ಹೊಯ್ಯಬಹುದು. ಒಳಗೆ ಟೊಳ್ಳಾದ ಕಂಚಿನ ಮುಖ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನೆಲೆಗೊಳ್ಳಬಹುದು. ಹೀಗಾಗಿ ಕಲ್ಲಿನ ವಿಗ್ರಹಕ್ಕಿಲ್ಲದ ಒಂದು ಭಾಗ್ಯ ಇದಕ್ಕುಂಟು: ಊರು ಬಿಟ್ಟವರ ಮುಖ, ಬಿಟ್ಟ ಊರಿನಲ್ಲಿಯೂ ಸೇರಿದ ಊರಿನಲ್ಲಿಯೂ ಇರಬಲ್ಲದು.

ಮೆಷ್ಟ್ರೋವಿಚ್ ಅವರ ಕೈಯಲ್ಲಿ ಹೀಗೆ ಮೂಡಿದ ಮುಖಗಳು ಹಲವು. 1914ರಲ್ಲಿ ಫ್ರೆಂಚ್ ಶಿಲ್ಪಿ ಆಗಸ್ಟ್ ರೋಡಿನ್ ಅವರ ಪುತ್ಥಳಿಯನ್ನು ಮಾಡಿದರು. ಮುಂದೆ ಜೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ ಮಸಾರಿಕ್ ಅವರನ್ನು ರೂಪಿಸಿದರು. ಆದರೆ ಎಲ್ಲಕ್ಕಿಂತ ಅರ್ಥಪೂರ್ಣವಾದುದು ವಿಜ್ಞಾನಿ ನಿಕೊಲಾ ಟೆಸ್ಲಾರ ಮುಖ.

ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಗ್ರಾಮದಲ್ಲಿ, ಸೆರ್ಬ್ ಆರ್ಥೊಡಾಕ್ಸ್ ಪಾದ್ರಿಯೊಬ್ಬರ ಮಗನಾಗಿ. ಮೆಷ್ಟ್ರೋವಿಚ್ ಕ್ರೊಯೇಷಿಯಾದ ಕ್ಯಾಥೊಲಿಕರು. ತಾಯ್ನೆಲದಲ್ಲಿ ಈ ಎರಡು ಸಮುದಾಯಗಳ ನಡುವೆ ಬಿರುಕು ಬೆಳೆಯುತ್ತಿದ್ದ ಕಾಲದಲ್ಲಿ, ಇವರಿಬ್ಬರೂ ನ್ಯೂಯಾರ್ಕಿನಲ್ಲಿ ಸ್ನೇಹಿತರಾದರು. 1924ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಮೆಷ್ಟ್ರೋವಿಚ್ ಅವರ ಪ್ರದರ್ಶನ ನಡೆದ ದಿನಗಳವು.

ಬಳಿಕ ಯುದ್ಧ ಬಂದಿತು. 1941ರಲ್ಲಿ ಉಸ್ತಾಷಾ ಆಡಳಿತವು ಮೆಷ್ಟ್ರೋವಿಚ್ ಅವರನ್ನು ಜಾಗ್ರೆಬ್‌ನಲ್ಲಿ ಕೆಲವು ತಿಂಗಳು ಸೆರೆಯಲ್ಲಿಟ್ಟಿತು. ಬಿಡುಗಡೆಯಾದ ಮೇಲೆ ಅವರು ಇಟಲಿಗೂ ಅಲ್ಲಿಂದ ಸ್ವಿಟ್ಜರ್ಲೆಂಡಿಗೂ ಹೋದರು. ಅತ್ತ 1943ರ ಜನವರಿ 7ರಂದು ಟೆಸ್ಲಾ ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಒಬ್ಬಂಟಿಯಾಗಿ ತೀರಿಕೊಂಡರು. 1947ರಲ್ಲಿ ಮೆಷ್ಟ್ರೋವಿಚ್ ಸಿರಕ್ಯೂಸ್ ವಿಶ್ವವಿದ್ಯಾಲಯದ ಅಧ್ಯಾಪಕರಾಗಿ ಅಮೆರಿಕಕ್ಕೆ ಬಂದಾಗ ಗೆಳೆಯನಿರಲಿಲ್ಲ. ಎದುರಿಗೆ ಕುಳಿತುಕೊಳ್ಳಲು ಯಾರೂ ಇಲ್ಲದೆಯೇ ಅವರು ಆ ಮುಖವನ್ನು ಮಾಡಬೇಕಾಯಿತು. ಆ ಪುತ್ಥಳಿಯ ಎರಕಗಳು ಇಂದು ಒಂದಕ್ಕಿಂತ ಹೆಚ್ಚು ನಗರಗಳಲ್ಲಿವೆ. ಅವರೇ ಮಾಡಿದ ಟೆಸ್ಲಾರ ಪೂರ್ಣಪ್ರತಿಮೆ 1956ರಲ್ಲಿ ಜಾಗ್ರೆಬ್‌ನಲ್ಲಿ ನಿಂತಿತು. ಟೆಸ್ಲಾ ಯಾರವರು ಎಂಬ ವಾದ ಇಂದಿಗೂ ನಿಂತಿಲ್ಲ. ಸೆರ್ಬರ ಮನೆಯಲ್ಲಿ ಹುಟ್ಟಿದವನ ಮುಖವನ್ನು ಕ್ರೊಯೇಷಿಯನ್ನನೊಬ್ಬ ಅಮೆರಿಕದಲ್ಲಿ ಕುಳಿತು ಪ್ರೀತಿಯಿಂದ ತಿದ್ದಿದನೆಂಬುದನ್ನು ಆ ವಾದದಲ್ಲಿ ತೊಡಗುವವರು ನೆನೆಯಬೇಕು.

ಮೆಷ್ಟ್ರೋವಿಚ್ 1954ರಲ್ಲಿ ಅಮೆರಿಕದ ಪೌರರಾದರು. ಮರುವರ್ಷ ಇಂಡಿಯಾನಾದ ನೊಟ್ರೆ ಡೇಮ್ ವಿಶ್ವವಿದ್ಯಾಲಯಕ್ಕೆ ಬಂದರು. ನೆಲೆಸಲು ತಾಯ್ನಾಡಿಗೆ ಮರಳಲಿಲ್ಲ. ಆದರೂ 1952ರಲ್ಲಿಯೇ ಅಲ್ಲಿನ ತಮ್ಮ ಮನೆಗಳನ್ನೂ ನೂರಾರು ಶಿಲ್ಪಗಳನ್ನೂ ಕ್ರೊಯೇಷಿಯಾದ ಜನರಿಗೆ ದಾನವಾಗಿ ಬರೆದುಕೊಟ್ಟಿದ್ದರು. ಆಳುವವರನ್ನು ಒಪ್ಪದಿದ್ದರೂ ಜನರ ಋಣವನ್ನು ಅವರು ಮರೆಯಲಿಲ್ಲ. 1962ರಲ್ಲಿ ಸೌತ್ ಬೆಂಡ್‌ನಲ್ಲಿ ನಿಧನರಾದಾಗ, ಅವರ ದೇಹವನ್ನು ಒತಾವಿತ್ಸೆಗೆ ಒಯ್ದು, ಅವರೇ ಕಟ್ಟಿಸಿದ್ದ ಕುಟುಂಬದ ಸಮಾಧಿಮಂದಿರದಲ್ಲಿ ಇರಿಸಲಾಯಿತು.

ಆ ಮಂದಿರದ ಕಂಚಿನ ಬಾಗಿಲಿನ ಮೇಲೆ ತಮ್ಮ ಮನೆಯವರ ಮುಖಗಳನ್ನು ಅವರು ಉಬ್ಬುಶಿಲ್ಪವಾಗಿ ಮೂಡಿಸಿದ್ದರು. 1990ರ ದಶಕದ ಯುದ್ಧದಲ್ಲಿ, ಕ್ರೊಯೇಷಿಯನ್ನರೂ ಸೆರ್ಬರೂ ಪರಸ್ಪರ ಕಾದಾಡಿದಾಗ, ಆ ಬಾಗಿಲು ಕಳವಾಯಿತು. ಕಂಚು ಶಾಶ್ವತವೆಂದು ನಾವು ಭಾವಿಸುತ್ತೇವೆ. ಆದರೆ ಕದ್ದವನಿಗೆ ಅದು ತೂಕಕ್ಕೆ ಮಾರುವ ಲೋಹವಷ್ಟೇ. ಮುಖಗಳನ್ನು ಉಳಿಸುವುದು ಲೋಹವಲ್ಲ, ಅವು ತಮ್ಮವೆಂದು ಕಾಯುವ ಜನ. ನಮ್ಮ ಮಕ್ಕಳೊಡನೆ ಯಾವುದೇ ನಗರದಲ್ಲಿ ಪುತ್ಥಳಿಯೊಂದರ ಮುಂದೆ ನಿಂತಾಗ, ಆ ಹೆಸರನ್ನು ಓದಿ, ಅವರು ಎಲ್ಲಿಂದ ಬಂದವರೆಂದು ಕೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳೋಣ.