ನಾಲ್ಕನೇ ಅಕ್ಷರ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಊರಿಂದ ಅಕ್ಕನ ಮಗಳ ಫೋನು. "ಮಾಮ, ಪಿಸಿಎಂಬಿನಾ ಪಿಸಿಎಂಸಿನಾ? ನಾಳೆ ಅರ್ಜಿ ಕೊಡ್ಬೇಕು." ಬಿಇ ಮಾಡಿ ಕೋಡ್ ಬರೆಯೋ ಮಾಮ ಕಂಪ್ಯೂಟರ್ ಅಂತಾನೆ ಅಂದ್ಕೊಂಡಿದ್ಲು. ನಾನು ಬಯಾಲಜಿ ತಗೋ ಅಂದೆ. ಯಾಕೆ ಅಂತ ಫೋನಲ್ಲಿ ಅರ್ಧ ಹೇಳಿದ್ದೆ, ಉಳಿದದ್ದು ಇಲ್ಲಿದೆ.

ಈ ಪ್ರಶ್ನೆ ಹದಿನಾರರ ತನಕ ಕಾದಿದ್ದೇ ಒಂದು ಪುಣ್ಯ. 1952-53ರ ಮುದಲಿಯಾರ್ ಆಯೋಗ ಪ್ರೌಢಶಾಲೆಯಲ್ಲೇ ಕವಲು ಒಡೆಯಲಿ ಅಂದಿತ್ತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಅಂತ ಏಳು ಗುಂಪು. ಎಲ್ಲರೂ ಕಾಲೇಜಿಗೇ ನುಗ್ಗೋದು ಬೇಡ, ಕೈಗೊಂದು ಕಸುಬು ಸಿಗಲಿ ಅನ್ನೋದು ಉದ್ದೇಶ. ತಪ್ಪೇನಲ್ಲ. ಆದರೆ ಹದಿಮೂರು ಹದಿನಾಲ್ಕರ ಮಗು ಆರಿಸಬೇಕು ಅಂದ್ರೆ ಆರಿಸೋದು ಅಪ್ಪ. ರೈತನ ಮಗನಿಗೆ ಯಾವ ಗುಂಪು, ಹೆಣ್ಣುಮಗಳಿಗೆ ಯಾವ ಗುಂಪು ಅಂತ ಊಹಿಸೋಕೆ ಬಹಳ ತಲೆ ಬೇಡ.

1964-66ರ ಕೊಠಾರಿ ಆಯೋಗ ದಾರಿ ಬದಲಿಸಿತು. ಗಣಿತ, ವಿಜ್ಞಾನ ಸೇರಿ ಹತ್ತು ವರ್ಷ ಎಲ್ಲರಿಗೂ ಒಂದೇ ಓದು, ಕವಲು ಆಮೇಲೆ. 1968ರ ಶಿಕ್ಷಣ ನೀತಿ 10+2+3 ಒಪ್ಪಿಕೊಂಡಿತು. ನಮ್ಮಲ್ಲಿ ಒಂದೇ ವರ್ಷ ಇದ್ದ ಪಿಯುಸಿ ಎಪ್ಪತ್ತರ ದಶಕದ ಆರಂಭದಲ್ಲಿ ಎರಡು ವರ್ಷದ್ದಾಯಿತು. ಹೀಗೆ ಆಯ್ಕೆ ಎರಡು ಮೂರು ವರ್ಷ ಮುಂದಕ್ಕೆ ಹೋಯಿತು. ಆ ಆಯ್ಕೆ ಸಿಗೋ ಕಾಲೇಜು ಊರ ಹತ್ತಿರಕ್ಕೆ ಬರಲಿಲ್ಲ.

ಅಕ್ಕನ ಕಥೆ ಅಷ್ಟೇ. 1998ರಲ್ಲಿ ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮ ಹೋಬಳಿ ಕಾಲೇಜಲ್ಲಿ ಇದ್ದದ್ದು ಎಚ್‌ಇಪಿ ಒಂದೇ. ಸೈನ್ಸ್ ಬೇಕಂದ್ರೆ ತಾಲ್ಲೂಕಿಗೆ ಹೋಗಬೇಕು, ವಾಪಸ್ ಬರೋ ಬಸ್ಸು ಊರು ಮುಟ್ಟೋದು ಕತ್ತಲಾದ ಮೇಲೆ. ಹುಡುಗೀನ ಕಳಿಸಲ್ಲ ಅಂದ್ರು ಅಪ್ಪ. ಗಣಿತದಲ್ಲಿ ನನಗಿಂತ ಚುರುಕಿದ್ದವಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದಳು. ಎರಡು ವರ್ಷ ಆದ ಮೇಲೆ ಬಿಎಸ್ಸಿ ನರ್ಸಿಂಗ್ ಮಾಡ್ತೀನಿ ಅಂದಾಗಲೇ ನಮ್ಮನೇಲಿ ಗೊತ್ತಾಗಿದ್ದು, ಅದಕ್ಕೆ ಬಯಾಲಜಿ ಓದಿರಬೇಕು ಅಂತ. ಕೆಲವು ವರ್ಷದ ನಂತರ ಅದೇ ಬಸ್ಸು ಹತ್ತಿ ಅದೇ ತಾಲ್ಲೂಕಿಗೆ ನಾನು ಹೋದೆ. ಯಾರೂ ಏನೂ ಕೇಳಲಿಲ್ಲ. ಪಿಸಿಎಂಬಿ ತಗೊಂಡೆ. ದೂರಾಲೋಚನೆ ಅಂತ ಏನೂ ಇಲ್ಲ, ಆ ಕಾಲೇಜಲ್ಲಿ ಬೇರೆ ಸೈನ್ಸ್ ಕಾಂಬಿನೇಷನ್ ಇರಲಿಲ್ಲ.

ಈಗ ಸೊಸೆಯ ಪ್ರಶ್ನೆಗೆ ಬರ್ತೀನಿ. 1994ರಲ್ಲಿ ಬಂದ ಸಿಇಟಿಯಲ್ಲಿ ಪಿಸಿಎಂಬಿಯವರು ನಾಲ್ಕೂ ಪೇಪರ್ ಬರೆದು ಎಂಜಿನಿಯರಿಂಗ್‌ಗೊಂದು, ಮೆಡಿಕಲ್‌ಗೊಂದು ರ‍್ಯಾಂಕ್ ತಗೋತಿದ್ದರು. ಆಮೇಲೆ ಮೆಡಿಕಲ್ ಸೀಟು ನೀಟ್‌ಗೆ ಹೋಯಿತು, ಎಂಜಿನಿಯರಿಂಗ್ ರ‍್ಯಾಂಕಿಗೆ ಮಾತ್ರ ಇವತ್ತಿಗೂ ಲೆಕ್ಕ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್. ಕಂಪ್ಯೂಟರ್ ಸೈನ್ಸ್ ಬಿಇಗೆ ಪಿಯುಸಿಲಿ ಕಂಪ್ಯೂಟರ್ ಓದಿರಲೇಬೇಕು ಅಂತಿಲ್ಲ. ನನ್ನನ್ನೇ ನೋಡಿ, ಮೊದಲ ಪ್ರೋಗ್ರಾಮ್ ಬರೆದದ್ದು ಬಿಇ ಸೇರಿದ ಮೇಲೆ. ಅಂದ್ರೆ ಬಿ ಬಿಟ್ಟು ಸಿ ಹಿಡಿದರೆ ಸೀಟಿನ ವಿಷಯದಲ್ಲಿ ಸಿಗೋದು ಏನೂ ಇಲ್ಲ, ನರ್ಸಿಂಗ್, ಮೆಡಿಕಲ್ ಮಾತ್ರ ಕೈ ತಪ್ಪುತ್ತೆ. 2023ರ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹನ್ನೆರಡನೇ ತರಗತಿ ಆದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯೋ ಅವಕಾಶ ಕೊಟ್ಟಿದೆ, ನಿಜ. ಆದರೆ ಅದಕ್ಕೆ ಇನ್ನೊಂದು ಪರೀಕ್ಷೆ, ಇನ್ನೊಂದಿಷ್ಟು ಸಮಯ. ಕಪ್ಪೆ, ಜಿರಳೆ ಚಿತ್ರ ಬರೆಯೋದಂದ್ರೆ ಪ್ರಾಣ ಹೋಗುತ್ತೆ ಅನ್ನೋರಿಗೆ ನನ್ನ ಮಾತು ಅನ್ವಯಿಸಲ್ಲ. ಕಾಮರ್ಸ್ ಇಷ್ಟ ಅನ್ನೋರನ್ನೂ ಬಲವಂತವಾಗಿ ಸೈನ್ಸಿಗೆ ತಳ್ಳಬೇಡಿ. ಸೈನ್ಸ್ ಓದಿ ಬಿಕಾಂಗೆ ಬರಬಹುದು, ಕಾಮರ್ಸ್ ಓದಿ ಬಿಇಗೆ ಹೋಗೋಕಾಗಲ್ಲ ಅನ್ನೋದು ಮಾತ್ರ ಗೊತ್ತಿರಲಿ.

ಇಷ್ಟು ಹೇಳೋ ಹೊತ್ತಿಗೆ ಫೋನು ಅಕ್ಕನ ಕೈಗೆ ಹೋಗಿತ್ತು. ಬಿ, ಸಿ ಅಂತ ಅವಳು ಏನೂ ಕೇಳಲಿಲ್ಲ. "ತಾಲ್ಲೂಕಿಗೆ ಬಸ್ ಪಾಸ್ ಮಾಡಿಸ್ಬೇಕಲ್ಲೋ, ಎರಡು ಫೋಟೋ ಸಾಕಾ?" ಅಂದಳು.