ವೆಲ್ಲೂರಿನಿಂದ ಮನೆಬಾಗಿಲಿಗೆ: ಸಕ್ಕರೆ ಕಾಯಿಲೆ ಮತ್ತು ಕಿಡ್ನಿ

ಕೋಲಾರ ಜಿಲ್ಲೆಯ ಅಂಚಿನಲ್ಲಿದೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿ. ಆಚೆಗೆ ಆಂಧ್ರ, ಈಚೆಗೆ ಮಾವಿನ ತೋಪು, ಟೊಮೆಟೊ ಹೊಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತು, ಯಂತ್ರದಿಂದ ರಕ್ತ ಸೋಸುವ ಡಯಾಲಿಸಿಸ್ ಶುರುವಾದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಗಡಿಯ ಊರಿನವರಿಗೆ ಇದರ ಮೇಲೆ ಬಸ್ಸಿನ ಪ್ರಯಾಣ, ಹೋದ ದಿನದ ಕೂಲಿ ನಷ್ಟ. ರಕ್ತದಲ್ಲಿ ಪೊಟ್ಯಾಸಿಯಂ ಏರೀತೆಂದು ತಮ್ಮದೇ ತೋಟದ ಮಾವಿನಹಣ್ಣನ್ನೂ ಅಳೆದು ತಿನ್ನಬೇಕು.

ಸಕ್ಕರೆ ಕಾಯಿಲೆ ಕಿಡ್ನಿಗೆ ತಟ್ಟುವುದು ಗೊತ್ತಾದದ್ದು ನಿಧಾನವಾಗಿ. 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಬಂದ ಮೇಲೆ ಸಕ್ಕರೆ ಕಾಯಿಲೆಯವರ ಆಯುಷ್ಯ ಹೆಚ್ಚಿತು. ಹೆಚ್ಚು ಕಾಲ ಬದುಕಿದವರಲ್ಲಿ ಕಿಡ್ನಿ ಸೋಲುವುದು ಕಾಣಿಸತೊಡಗಿತು. 1936ರಲ್ಲಿ ಬಾಸ್ಟನ್ನಿನ ವೈದ್ಯರಾದ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್, ರಕ್ತ ಸೋಸುವ ಕಿಡ್ನಿಯ ಸಣ್ಣ ಗಂಟುಗಳಲ್ಲಿ ಈ ಕಾಯಿಲೆಯಿಂದ ಆಗುವ ಹಾನಿಯನ್ನು ವಿವರಿಸಿದರು. 1943ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯ ಕೋಲ್ಫ್ ಡಯಾಲಿಸಿಸ್ ಯಂತ್ರ ಕಟ್ಟಿದರು. 1960ರಲ್ಲಿ ಸಿಯಾಟಲ್‌ನ ವೈದ್ಯ ಸ್ಕ್ರಿಬ್ನರ್ ಡಯಾಲಿಸಿಸ್ ಅನ್ನು ಒಬ್ಬರಿಗೇ ಮತ್ತೆ ಮತ್ತೆ ಮಾಡುವ ದಾರಿ ಕಂಡುಕೊಂಡರು. ಆದರೂ ಆ ದಶಕದಲ್ಲಿ ಸಕ್ಕರೆ ಕಾಯಿಲೆ ಇದ್ದವರನ್ನು ಬಹಳ ಕಡೆ ಯಂತ್ರಕ್ಕೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ.

ಇತ್ತ, ಕೋಲಾರದ ಜನ ದೊಡ್ಡ ಕಾಯಿಲೆಗೆಂದು ಹೋಗುವ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ಆಸ್ಪತ್ರೆಯಲ್ಲಿ 1971ರಲ್ಲಿ ಕಿಡ್ನಿ ಕಸಿ ಯಶಸ್ವಿಯಾಯಿತು.

ಆದರೆ ನಿಜವಾದ ತಿರುವು ಯಂತ್ರದಿಂದ ಬರಲಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಅತಿ ಸಣ್ಣ ಪ್ರಮಾಣದಲ್ಲಿ ಸೋರುವುದೇ ಮುಂದಿನ ಕಿಡ್ನಿ ಹಾನಿಯ ಮುನ್ಸೂಚನೆ ಎಂದು 1982ರಲ್ಲಿ ಗೊತ್ತಾಯಿತು. ಬ್ರೆಜಿಲ್ಲಿನ ಹಾವೊಂದರ ವಿಷದ ಅಧ್ಯಯನದಿಂದ ಹುಟ್ಟಿದ ರಕ್ತದೊತ್ತಡದ ಮಾತ್ರೆ ಕ್ಯಾಪ್ಟೊಪ್ರಿಲ್, ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಸಾವು, ಡಯಾಲಿಸಿಸ್, ಕಸಿಯ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 1993ರಲ್ಲಿ ಸಾಬೀತಾಯಿತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಮಾತ್ರೆಗಳೂ ಕಿಡ್ನಿ ಕಾಯುತ್ತವೆಂದು 2019ರಿಂದ ಖಚಿತವಾಗಿದೆ. ಆ ಪೈಕಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದು, ಭಾರತದಲ್ಲಿ ಅದರ ಬೆಲೆ ಇಳಿಯಿತು.

ಈ ತಿಳಿವನ್ನು ಹಳ್ಳಿಗೆ ಒಯ್ಯಲು ಸಾಧ್ಯ ಎಂದು ತೋರಿಸಿದವರು ಚೆನ್ನೈನ ಕಿಡ್ನಿ ತಜ್ಞ ಡಾ. ಎಂ.ಕೆ. ಮಣಿ. ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ 1990ರ ದಶಕದ ಕೊನೆಯಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಮನೆಮನೆಯಲ್ಲಿ ಮೂತ್ರ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿತು. ಅಗ್ಗದ ಮಾತ್ರೆಗಳಿಂದಲೇ ಸಕ್ಕರೆ, ಒತ್ತಡ ಎರಡನ್ನೂ ಹತೋಟಿಗೆ ತಂದಿತು.

ಕೋಲಾರಕ್ಕೂ ಅದೇ ದಾರಿ ತೆರೆದಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದ ಮೊದಲ 100 ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. 2016ರಲ್ಲಿ ಪ್ರಧಾನಮಂತ್ರಿ ಡಯಾಲಿಸಿಸ್ ಕಾರ್ಯಕ್ರಮ ಬಂತು. 2024ರ ಅಕ್ಟೋಬರಿನಲ್ಲಿ ಮನೆಬಾಗಿಲಲ್ಲೇ ತಪಾಸಣೆ ನಡೆಸುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದೂ ಕೋಲಾರ ಜಿಲ್ಲೆಯಲ್ಲೇ.

ಕಿಡ್ನಿ ಹಾಳಾಗುವ ಮೊದಲ ಹಂತದಲ್ಲಿ ನೋವಿಲ್ಲ, ಊತವಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ.