ಖಗೋಳಜ್ಞನ ತಾಯಿ ಮತ್ತು ಒಂದು ಲೋಟ ಕಹಿ ಕಷಾಯ

1577ರ ಕೊನೆಯಲ್ಲಿ ಯುರೋಪಿನ ಆಕಾಶದಲ್ಲಿ ದೊಡ್ಡದೊಂದು ಧೂಮಕೇತು ಕಾಣಿಸಿಕೊಂಡಿತು. ಬಾಲದ ಚುಕ್ಕಿ ಮೂಡಿದರೆ ಬರ, ಯುದ್ಧ, ಇಲ್ಲವೇ ಅರಸನ ಸಾವು ಖಂಡಿತ ಎಂದು ಓದಿದವರೂ ನಂಬಿದ್ದ ಕಾಲ ಅದು. ಜರ್ಮನಿಯ ನೈಋತ್ಯಕ್ಕಿರುವ ಪುಟ್ಟ ಊರೊಂದರಲ್ಲಿ, ಓದುಬರಹ ಬಾರದ ಹೆಣ್ಣುಮಗಳೊಬ್ಬಳು ಇನ್ನೂ ಆರು ತುಂಬದ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದಳು. ಮಗ ಅದನ್ನು ಮರೆಯದೆ, ದೊಡ್ಡವನಾದ ಮೇಲೆ ಬರೆದಿಟ್ಟ. ಗ್ರಹಗಳು ಸೂರ್ಯನನ್ನು ಸುತ್ತುವ ದಾರಿ ವೃತ್ತವಲ್ಲ, ದೀರ್ಘವೃತ್ತ ಎಂದು ತೋರಿಸಿಕೊಟ್ಟ ಯೊಹಾನೆಸ್ ಕೆಪ್ಲರ್‌ನೇ ಆ ಮಗ. ತಾಯಿಯ ಹೆಸರು ಕಥರೀನಾ. ಸುಮಾರು ನಲವತ್ತು ವರ್ಷಗಳ ನಂತರ ಊರಿನವರು ಅವಳನ್ನು ಮಾಟಗಾತಿ ಎಂದರು.

ಕಥೆ ಶುರುವಾಗುವುದು 1615ರಲ್ಲಿ, ವ್ಯುರ್ಟೆಂಬರ್ಗ್ ಸಂಸ್ಥಾನದ ಲೆಯೊನ್‌ಬರ್ಗ್ ಎಂಬ ಊರಿನಲ್ಲಿ. ಕಥರೀನಾಗೆ ಆಗ ಎಪ್ಪತ್ತರ ಹತ್ತಿರದ ವಯಸ್ಸು. ಗಂಡ ಕೂಲಿ ಸಿಪಾಯಿಯಾಗಿ ಯುದ್ಧಕ್ಕೆ ಹೋದವನು ಎಷ್ಟೋ ವರ್ಷಗಳ ಹಿಂದೆಯೇ ಮನೆ ಬಿಟ್ಟಿದ್ದ, ಮತ್ತೆ ಬರಲಿಲ್ಲ. ಒಬ್ಬಳೇ ಮನೆ, ಹೊಲ, ಹಸು ಎಂದು ನೋಡಿಕೊಂಡು, ಗಿಡಮೂಲಿಕೆಗಳ ಕಷಾಯ ಕಾಯಿಸಿಟ್ಟು, ಬಂದವರಿಗೂ ಒಂದು ಲೋಟ ಕೊಡುತ್ತಿದ್ದಳು. ಹೀಗೊಮ್ಮೆ ಊರ್ಸುಲಾ ರೈನ್‌ಬೋಲ್ಡ್ ಎಂಬಾಕೆಗೂ ಕೊಟ್ಟಿದ್ದಳಂತೆ. ಊರ್ಸುಲಾಳ ಗಂಡ ಕಿಟಕಿಗೆ ಗಾಜು ಕೂರಿಸುವ ಕಸುಬಿನವನು. ತವರದ ಪಾತ್ರೆ ಮಾಡುತ್ತಿದ್ದ ಕಥರೀನಾಳ ಕಿರಿಯ ಮಗ ಕ್ರಿಸ್ಟೋಫ್‌ಗೂ ಆ ಮನೆಯವರಿಗೂ ಜಗಳವಾಯಿತು. ಜಗಳ ಬಲಿತಾಗ ಊರ್ಸುಲಾಗೆ ಹಳೆಯ ಕಷಾಯ ನೆನಪಾಯಿತು. ಅದು ಕಹಿಯಾಗಿತ್ತು, ಅದನ್ನು ಕುಡಿದಂದಿನಿಂದಲೇ ತನಗೆ ಕಾಯಿಲೆ ಎಂದಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಟ್ಟೆನೋವು ವಾಸಿಯಾಗದಿದ್ದರೆ, ಮೈ ಇಳಿಯುತ್ತಾ ಹೋದರೆ, ‘ಯಾರೋ ಮದ್ದು ಹಾಕಿದ್ದಾರೆ’ ಎಂಬ ಮಾತನ್ನು ಕೇಳದೆ ಬೆಳೆದವರು ಕರ್ನಾಟಕದ ಹಳ್ಳಿಗಳಲ್ಲಿ ಕಡಿಮೆ. ಮದ್ದು ತೆಗೆಸಲು ಹೋಗುವುದು, ಅಲ್ಲಿ ಯಾರ ಮನೆಯಲ್ಲಿ ಏನು ತಿಂದೆ ಎಂದು ನೆನಪಿಸಿಕೊಳ್ಳುವುದು ಎಲ್ಲವೂ ನಮಗೆ ಗೊತ್ತು. ನೆನಪಿಗೆ ಬರುವ ಮನೆ ಬಹಳ ಸಲ ಜಗಳವಾದ ಮನೆಯೇ ಆಗಿರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅದು ಬೀದಿಯ ಮಾತಾಗಿ ಉಳಿಯುತ್ತಿತ್ತು. ಆದರೆ ಊರ್ಸುಲಾಳ ಅಣ್ಣ ರಾಜಕುಮಾರನ ಬಳಿ ಕೆಲಸಕ್ಕಿದ್ದ ಕ್ಷೌರಿಕ ವೈದ್ಯ. ಊರಿನಲ್ಲಿ ಡ್ಯೂಕನ ಅಮಲ್ದಾರನಂತಿದ್ದ ಲುಥೆರುಸ್ ಐನ್‌ಹಾರ್ನ್‌ಗೂ ಅವನಿಗೂ ಸ್ನೇಹ. ಇಬ್ಬರೂ ಕುಡಿದ ಅಮಲಿನಲ್ಲಿ ಒಂದು ದಿನ ಕಥರೀನಾಳನ್ನು ಕರೆಸಿ, ಮಾಡಿದ ಮಾಟವನ್ನು ತೆಗೆದು ತಂಗಿಯನ್ನು ವಾಸಿಮಾಡು ಎಂದು ಕತ್ತಿ ಹಿಡಿದು ಬೆದರಿಸಿದರು. ಒಪ್ಪಿ ಏನಾದರೂ ಮಂತ್ರ ಹೇಳಿದ್ದರೆ ತಾನು ಮಾಟಗಾತಿ ಎಂದು ಒಪ್ಪಿಕೊಂಡಂತೆ. ಮುದುಕಿ ಒಪ್ಪಲಿಲ್ಲ. ಮನೆಯವರು ಮಾನನಷ್ಟದ ದಾವೆ ಹೂಡಿದರು. ಆಗ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿದ್ದ ಕೆಪ್ಲರ್‌ಗೆ ಸುದ್ದಿ ತಿಳಿದದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ತಂಗಿ ಮಾರ್ಗರೆಟಾಳ ಕಾಗದದಿಂದ. ಎಲ್ಲ ಕಾಗದಪತ್ರಗಳ ನಕಲು ಕಳಿಸಿ ಎಂದು ಅವನು ಲೆಯೊನ್‌ಬರ್ಗ್‌ಗೆ ಸಿಟ್ಟಿನಿಂದ ಬರೆದ.

ಒಮ್ಮೆ ಹೆಸರು ಬಾಯಿಗೆ ಬಿದ್ದ ಮೇಲೆ ಊರಿಗೆ ಊರೇ ನೆನಪಿಸಿಕೊಳ್ಳತೊಡಗಿತು. ಇಟ್ಟಿಗೆ ಹೊರುತ್ತಿದ್ದ ಹುಡುಗಿಯೊಬ್ಬಳಿಗೆ ಕಥರೀನಾ ದಾರಿಯಲ್ಲಿ ತಗುಲಿದಾಗ ತೋಳು ನೋಯತೊಡಗಿತ್ತು. ಕುಂಟನಾಗಿದ್ದ ಶಾಲಾಮಾಸ್ತರನಿಗೆ ತಾನು ಅವಳ ಮನೆಯಲ್ಲಿ ಕುಡಿದ ದ್ರಾಕ್ಷಾರಸ ನೆನಪಾಯಿತು. ಅವನು ಕೆಪ್ಲರ್‌ನ ಸಹಪಾಠಿ. ಮಗ ಬರೆದ ಕಾಗದಗಳನ್ನು ತಾಯಿಗೆ ಓದಿ ಹೇಳುತ್ತಿದ್ದವನೂ ಅವನೇ. ಕರು ಸತ್ತಿತ್ತು, ಮುಚ್ಚಿದ ಬಾಗಿಲಿನೊಳಗಿಂದ ಅವಳು ಬಂದಿದ್ದಳು. ತಂದೆಯ ಸಮಾಧಿಯಿಂದ ತಲೆಬುರುಡೆ ತೆಗೆದುಕೊಡು, ಬೆಳ್ಳಿ ಕಟ್ಟಿಸಿ ಮಗನಿಗೆ ಬಟ್ಟಲು ಮಾಡಿಸುತ್ತೇನೆ ಎಂದು ಗುಂಡಿ ತೋಡುವವನನ್ನು ಕೇಳಿದ್ದಳು. ಈ ಕೊನೆಯದು ಮಾತ್ರ ನಿಜ. ಹಿಂದಿನ ಕಾಲದ ಜನ ಹಾಗೆ ಮಾಡುತ್ತಿದ್ದರೆಂದು ಚರ್ಚಿನ ಪ್ರವಚನದಲ್ಲಿ ಕೇಳಿದ್ದೆ ಎಂದಳು. ಹುಡುಗಿಯ ತೋಳಿನ ದೂರು ಮೇಲಕ್ಕೆ ಹೋಗದಿರಲೆಂದು ಐನ್‌ಹಾರ್ನ್‌ಗೆ ಬೆಳ್ಳಿ ಬಟ್ಟಲೊಂದನ್ನು ಕೊಡಲು ಹೋದದ್ದೂ ನಿಜ. ಹೆದರಿದ ಮುದುಕಿ ಮಾಡಿದ ಈ ತಪ್ಪು ಕೊನೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಕೆಪ್ಲರ್ ಯುವಕನಾಗಿದ್ದಾಗ ಮನೆಮಂದಿಯ ಜಾತಕಗಳನ್ನು ಬರೆದಿಟ್ಟುಕೊಂಡಿದ್ದ. ಅದರಲ್ಲಿ ತಾಯಿಯನ್ನು ಗಿಡ್ಡಗಿನ, ಕಪ್ಪಗಿನ, ಬಾಯಿ ಸುಮ್ಮನಿರದ ಜಗಳಗಂಟಿ ಎಂಬಂತೆ ವರ್ಣಿಸಿದ್ದಾನೆ. ಊರು ಅವಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಇದೇ ಮಗ ಮುಂದೆ ಅವಳ ಪರ ನಿಂತ ಎಂಬುದು ನನಗೆ ಅವನ ನಿಯಮಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

1620ರ ಆಗಸ್ಟ್ 7ರ ರಾತ್ರಿ ಮಗಳ ಮನೆಯಲ್ಲಿ ಮಲಗಿದ್ದ ಕಥರೀನಾಳನ್ನು ಹಿಡಿದು, ಊರಿನವರ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯೊಂದರಲ್ಲಿ ಹಾಕಿ ಹೊತ್ತೊಯ್ದರು. ಆಮೇಲೆ ಗ್ಯುಗ್ಲಿಂಗೆನ್ ಎಂಬ ಊರಿಗೆ ಸಾಗಿಸಿದರು. ಎಪ್ಪತ್ತು ದಾಟಿದವಳ ಕಾಲಿಗೆ ಸರಪಳಿ, ಕಾವಲಿಗೆ ಇಬ್ಬರು. ಆ ಕಾವಲುಗಾರರ ಖರ್ಚೂ ಅವಳ ಗಂಟಿನಿಂದಲೇ. ಕೆಪ್ಲರ್ ಲಿಂಟ್ಸ್‌ನ ಕೆಲಸ ಬಿಟ್ಟು ಬಂದು ತಾನೇ ವಾದ ಕೈಗೆತ್ತಿಕೊಂಡ. ಆಗ ಅವನು ಚಕ್ರವರ್ತಿಯ ಗಣಿತಜ್ಞ. ಮೂರನೆಯ ನಿಯಮವನ್ನು ಒಳಗೊಂಡ ಅವನ ಪುಸ್ತಕ ಹಿಂದಿನ ವರ್ಷವಷ್ಟೇ ಹೊರಬಂದಿತ್ತು. ಕೈದಿ ಮಗನ ನೆರವಿನೊಡನೆ ಹಾಜರಾಗಿದ್ದಾಳೆ ಎಂದು ನ್ಯಾಯಾಲಯದ ಗುಮಾಸ್ತ ದಾಖಲಿಸಿದ್ದಾನೆ, ಅದೂ ವಿಷಾದದ ಒಂದು ಉದ್ಗಾರದೊಡನೆ.

ಈ ಕಥೆಯನ್ನು ವಿಜ್ಞಾನ ಮೂಢನಂಬಿಕೆಯನ್ನು ಗೆದ್ದ ಕಥೆಯಾಗಿ ಹೇಳುವುದು ಸುಲಭ. ಆದರೆ ಮಾಟವೆಂಬುದೇ ಸುಳ್ಳು ಎಂದು ಕೆಪ್ಲರ್ ವಾದಿಸಲೇ ಇಲ್ಲ. ದುಡ್ಡಿಗಾಗಿ ಜಾತಕ ಬರೆಯುತ್ತಿದ್ದವನು ಅವನು. ಮಾಟಗಾತಿಯರು ಲೋಕದಲ್ಲೇ ಇಲ್ಲ ಎಂದು ಆ ನ್ಯಾಯಾಲಯದಲ್ಲಿ ಹೇಳಿದ್ದರೆ ಪ್ರಯೋಜನವೂ ಆಗುತ್ತಿರಲಿಲ್ಲ. ಅವನು ಮಾಡಿದ್ದು ಬೇರೆ. ಪ್ರತಿ ದೂರನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡು, ಯಾರು, ಯಾವಾಗ, ಎಲ್ಲಿ ಎಂದು ಕೇಳುತ್ತಾ ಹೋದ. ಮಾಸ್ತರ ಕುಂಟನಾದದ್ದು ಹಳ್ಳ ಹಾರುವಾಗ ಬಿದ್ದು. ಹುಡುಗಿಯ ತೋಳು ನೋವು ಮಿತಿಮೀರಿ ಇಟ್ಟಿಗೆ ಹೊತ್ತದ್ದರಿಂದ. ಊರ್ಸುಲಾಗೆ ಕಷಾಯಕ್ಕಿಂತ ಮೊದಲೇ ಕಾಯಿಲೆಯಿತ್ತು, ತೆಗೆದುಕೊಂಡ ಔಷಧಿಗಳೂ ಬೇರೆ ಇದ್ದವು. ಸಾಕ್ಷಿಗಳ ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, ತಾರೀಖುಗಳು ತಾಳೆಯಾಗದಿರುವುದನ್ನು ತೋರಿಸಿದ. ಕೊನೆಯ ಪ್ರತಿವಾದ 128 ಪುಟಗಳು. ಗ್ರಹದ ಲೆಕ್ಕ ತಪ್ಪಿದರೆ ಮೊದಲಿನಿಂದ ಕೂಡುತ್ತಿದ್ದವನ ತಾಳ್ಮೆ ಅದರಲ್ಲಿದೆ.

ಕಾಗದಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರಿಗೆ ಹೋದವು. ಅಲ್ಲಿ ಕೆಪ್ಲರ್‌ನ ಗೆಳೆಯ ಕ್ರಿಸ್ಟೋಫ್ ಬೆಸೋಲ್ಡ್ ಇದ್ದ. ಚಿತ್ರಹಿಂಸೆ ಕೊಡುವಷ್ಟು ಸಾಕ್ಷ್ಯವಿಲ್ಲ, ಸುಮ್ಮನೆ ಬಿಡುವಂತೆಯೂ ಇಲ್ಲ ಎಂದು ಅವರು ನಡುವಿನ ದಾರಿ ಹಿಡಿದರು. 1621ರ ಸೆಪ್ಟೆಂಬರ್ 28ರಂದು ಕಥರೀನಾಳನ್ನು ಹಿಂಸೆಯ ಕೋಣೆಗೆ ಒಯ್ದರು. ಕೊಲೆಗಡುಕನಂತಹ ಆಳೊಬ್ಬ ಒಂದೊಂದೇ ಸಾಧನ ತೋರಿಸಿ, ಇದರಿಂದ ಏನಾಗುತ್ತದೆ ಎಂದು ವಿವರಿಸಿದ. ಮೈಯ ನರಗಳನ್ನೆಲ್ಲ ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳುವಂಥದ್ದು ನನ್ನಲ್ಲೇನೂ ಇಲ್ಲ ಎಂದು ಹೇಳಿ ಅವಳು ಮಂಡಿಯೂರಿ ಪ್ರಾರ್ಥಿಸಿದಳು. ಹದಿನಾಲ್ಕು ತಿಂಗಳ ಸೆರೆಯ ನಂತರ, ಅಕ್ಟೋಬರ್ ಮೊದಲ ವಾರದಲ್ಲಿ ಬಿಡುಗಡೆ.

ಈ ಉತ್ತರ ಕೊಟ್ಟದ್ದು ಅವಳು, ಮಗನಲ್ಲ. ಅದೂ ಇಲ್ಲದೆ 128 ಪುಟಗಳಷ್ಟೇ ಸಾಲುತ್ತಿರಲಿಲ್ಲ. ಇತ್ತ ಅದೇ ಐನ್‌ಹಾರ್ನ್‌ನ ಅಧಿಕಾರದಲ್ಲಿ ಅದೇ ಲೆಯೊನ್‌ಬರ್ಗ್‌ನ ಬೇರೆ ಹೆಂಗಸರು ಮಾಟದ ಆಪಾದನೆ ಹೊತ್ತು ಸತ್ತಿದ್ದರು. ಅವರಿಗೆ ಚಕ್ರವರ್ತಿಯ ಗಣಿತಜ್ಞನಾದ ಮಗನಿರಲಿಲ್ಲ. ಯುರೋಪಿನಲ್ಲಿ ಆ ಮೂರು ಶತಮಾನಗಳಲ್ಲಿ ಹೀಗೆ ಕೊಲ್ಲಲ್ಪಟ್ಟವರು 40,000ದಿಂದ 50,000 ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಹೆಚ್ಚಿನವರು ಹೆಂಗಸರು.

ಕೆಪ್ಲರ್ ಮಾತ್ರ ತಪ್ಪನ್ನು ತನ್ನ ಮೇಲೇ ಎಳೆದುಕೊಂಡ. ಚಂದ್ರನಿಗೆ ಹೋಗುವ ಒಂದು ಕನಸಿನ ಕಥೆಯನ್ನು ಅವನು ಮೊದಲೇ ಬರೆದಿದ್ದ, ಹೆಸರೇ ‘ಸೋಮ್ನಿಯಂ’, ಅಂದರೆ ಕನಸು. ಅದರಲ್ಲಿ ಗಿಡಮೂಲಿಕೆ ಮಾರುವ ತಾಯಿಯೊಬ್ಬಳು ಚಂದ್ರಲೋಕದ ದೈವವನ್ನು ಕರೆದು ಮಗನಿಗೆ ಅಲ್ಲಿನ ಸಂಗತಿ ಕೇಳಿಸುತ್ತಾಳೆ. ಅದರ ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ, ಓದಿದವರು ಅದು ತನ್ನ ತಾಯಿಯೇ ಎಂದುಕೊಂಡು ಗುಸುಗುಸು ಹಬ್ಬಿಸಿದರು ಎಂದು ಅವನು ನಂಬಿದ. ಲೆಯೊನ್‌ಬರ್ಗ್‌ನ ದೂರುಗಳು ಹುಟ್ಟಿದ್ದು ನೆರೆಹೊರೆಯ ಜಗಳದಲ್ಲಿ, ಆ ಪುಸ್ತಕದಿಂದಲ್ಲ. ಆದರೂ ಅವನು ಸಾಯುವವರೆಗೂ ಆ ಸಣ್ಣ ಕಥೆಗೆ ಟಿಪ್ಪಣಿಗಳನ್ನು ಸೇರಿಸುತ್ತಲೇ ಹೋದ, ಇನ್ನೂರಕ್ಕೂ ಹೆಚ್ಚು. ಅದು ಅಚ್ಚಾದದ್ದು 1634ರಲ್ಲಿ, ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ.

ಕಥರೀನಾ ಲೆಯೊನ್‌ಬರ್ಗ್‌ನ ತನ್ನ ಮನೆಗೆ ಹಿಂದಿರುಗುವಂತಿರಲಿಲ್ಲ. ಬಂದರೆ ಕೊಂದುಹಾಕುತ್ತೇವೆ ಎಂದು ಅಲ್ಲಿಯವರು ಹೇಳುತ್ತಿದ್ದರು. 1622ರ ಏಪ್ರಿಲ್‌ನಲ್ಲಿ, ಬಿಡುಗಡೆಯಾಗಿ ಆರು ತಿಂಗಳಿಗೆ ಅವಳು ತೀರಿಕೊಂಡಳು.